ಬೇಲಿಯ ಎಲೆ, ರಕ್ತದ ಸಕ್ಕರೆ



ಬೇಲಿಯ ಮಧುನಾಶಿನಿ ಬಳ್ಳಿಯ ಎರಡು ಎಲೆ ಬಾಯಿಗೆ ಹಾಕಿಕೊಂಡು ಚೆನ್ನಾಗಿ ಅಗಿದು, ಬಾಯಿ ಮುಕ್ಕಳಿಸಿ, ಮೇಲೆ ಒಂದು ಚಮಚ ಜೋನಿ ಬೆಲ್ಲ ನೆಕ್ಕಬೇಕು. ಹೊಸನಗರದ ನೆಂಟರ ಮನೆ ಜಗಲಿಯಲ್ಲಿ ಕೂತು ನಾನು ಇದನ್ನು ಮಾಡಿ ನೋಡಿದ್ದೇನೆ. ಬೆಲ್ಲ ನಾಲಿಗೆಗೆ ಅಂಟಿತು, ಗಂಟಲಿಗೆ ಇಳಿಯಿತು, ಸಿಹಿ ಮಾತ್ರ ಇಲ್ಲ. ಗೋಂದು ನೆಕ್ಕಿದ ಹಾಗೆ! ಸಕ್ಕರೆ ಹಾಕಿಕೊಂಡರೆ ಹೊಳೆದಂಡೆಯ ಮರಳು. ಅರ್ಧ ಗಂಟೆ ಕಳೆದ ಮೇಲೆ ನಾಲಿಗೆ ಸರಿಹೋಯಿತು.

ಈ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲಗಳಿವೆ. ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಅವು ಹೋಗಿ ಅಂಟಿಕೊಳ್ಳುತ್ತವೆ. ಸಿಹಿ ಬಂದರೂ ಗೊತ್ತಾಗುವುದಿಲ್ಲ. ಮೋಸಹೋದದ್ದು ನಾಲಿಗೆ. ಬೆಲ್ಲವಂತೂ ಹೊಟ್ಟೆಗೆ ಹೋಗಿಯೇ ಹೋಯಿತು. ಬಾಯಲ್ಲಿ ಸಿಹಿ ಸತ್ತಿತು, ಹಾಗಾದರೆ ರಕ್ತದಲ್ಲೂ ಸಾಯುತ್ತದೆ ಎಂದು ನಂಬುವವರು ಎಡವುವುದು ಇಲ್ಲೇ.

ಹಾಗೆಂದು ಎಲೆಯನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. 1990ರಲ್ಲಿ ಮದ್ರಾಸಿನ ಸಂಶೋಧಕರು ಟೈಪ್ 2 ಮಧುಮೇಹದ 22 ಮಂದಿಗೆ ಮಾಮೂಲಿ ಮಾತ್ರೆಯ ಜೊತೆ ಇದರ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳು ಕೊಟ್ಟರು. ಸಕ್ಕರೆ ಇಳಿಯಿತು, ಐದು ಮಂದಿ ಮಾತ್ರೆಯನ್ನೇ ಬಿಟ್ಟರು ಎಂದು ಬರೆದರು. ಆದರೆ ಅದು ಸಣ್ಣ ಗುಂಪು. ಚೀಟಿ ಎತ್ತಿದ ಹಾಗೆ ಜನರನ್ನು ಹಂಚಿ, ಹುಸಿ ಮಾತ್ರೆ ಕೊಟ್ಟು ಹೋಲಿಸಿದ ಪರೀಕ್ಷೆಯೂ ಅದಲ್ಲ. ಅವರು ಕೊಟ್ಟದ್ದು ತೂಕ ಮಾಡಿದ ಸಾರ. ನಮ್ಮ ಬೇಲಿಯ ಎಲೆ ಮಳೆಗಾಲಕ್ಕೊಂದು, ಬೇಸಿಗೆಗೊಂದು. ಚಿಗುರಿನದೇ ಬೇರೆ, ಬಲಿತದ್ದೇ ಬೇರೆ.

ಸಾಗರದಿಂದ ತೀರ್ಥಹಳ್ಳಿಯವರೆಗೆ ಮನೆ ಹಿತ್ತಿಲಲ್ಲಿ, ಅಡಿಕೆ ತೋಟದ ನೆರಳಲ್ಲಿ ಕಾಣುವ ಇನ್ನೊಂದು ಗಿಡ ಇನ್ಸುಲಿನ್ ಗಿಡ. ತಿರುಪಿನ ಹಾಗೆ ಸುತ್ತಿಕೊಂಡ ಎಲೆ, ಕಿತ್ತಳೆ ಬಣ್ಣದ ಹೂ, ಅಗಿದರೆ ತುಸು ಹುಳಿ. ಅಜ್ಜಿಯ ಕಾಲದ ಹಳ್ಳಿಮದ್ದು ಎಂದೇ ಹಲವರು ಹೇಳುತ್ತಾರೆ. ಇದರ ತವರು ದಕ್ಷಿಣ ಅಮೆರಿಕ. ನಮ್ಮ ಅಜ್ಜಿ ಇದನ್ನು ಕಂಡವಳೇ ಅಲ್ಲ. ಹೆಸರಲ್ಲಿ ಇನ್ಸುಲಿನ್ ಇದ್ದರೂ ಎಲೆಯೊಳಗೆ ಅದಿಲ್ಲ. ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ: ಇನ್ಸುಲಿನ್ ಪ್ರೋಟೀನು, ತಿಂದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಸೂಜಿ. ಈ ಎಲೆ ಸಕ್ಕರೆ ಇಳಿಸುತ್ತದೆ ಎನ್ನುವುದಕ್ಕೆ ಆಧಾರ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗ.

ಗಿಡದಿಂದ ಶುಗರ್ ಮಾತ್ರೆ ಬಂದದ್ದೇ ಇಲ್ಲವೇ? ಬಂದಿದೆ. ಯುರೋಪಿನ ಗಲೇಗಾ ಎಂಬ ಗಿಡದ ಒಂದು ಅಂಶ ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಆ ಅಂಶದ ಜಾತಿಗೆ ಸೇರಿದ ಮೆಟ್‌ಫಾರ್ಮಿನನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ನಡುವೆ 35 ವರ್ಷ. ಇವತ್ತು ನಿಮ್ಮ ಮಾತ್ರೆ ಡಬ್ಬಿಯಲ್ಲಿರುವುದು ಬಹುಶಃ ಅದೇ.

"ಎಲೆ ತಿಂದ ಮೇಲೆ ನಂಗೆ ಶುಗರ್ ಕಮ್ಮಿ ಆಯ್ತಲ್ಲ ಮಾರಾಯ್ರೆ" ಎನ್ನುವವರನ್ನು ಸ್ವಲ್ಪ ಕೂರಿಸಿ ಕೇಳಬೇಕು. ಎಲೆ ಶುರುಮಾಡಿದ ದಿನವೇ ದೋಸೆಗೆ ಜೋನಿ ಬೆಲ್ಲ ನಿಂತಿರುತ್ತದೆ, ಮೂರು ಹೊತ್ತಿನ ಅನ್ನ ಎರಡು ಹೊತ್ತಾಗಿರುತ್ತದೆ, ಸಂಜೆ ತೋಟಕ್ಕೊಂದು ಸುತ್ತು ಸೇರಿರುತ್ತದೆ. ಹೆಸರು ಬರುವುದು ಎಲೆಗೆ.

ನನಗೆ ಹೆದರಿಕೆ ಎರಡು ಕಡೆ. ಎಲೆ ನಂಬಿ ಇನ್ಸುಲಿನ್ ಬಿಡುವವರು ಒಂದು. ಟೈಪ್ 1 ಇರುವ ಮಕ್ಕಳಿಗೆ ಅದು ಪ್ರಾಣಕ್ಕೇ ಬರುತ್ತದೆ. ಇನ್ನೊಂದು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೂ ನುಂಗಿ, ಮೇಲೆ ಮಧುನಾಶಿನಿ ಪುಡಿಯನ್ನೂ ಸೇರಿಸುವವರು. ಎರಡೂ ಸೇರಿ ಸಕ್ಕರೆ ಇಳಿದರೆ ಬೆವರು, ನಡುಕ, ಕಣ್ಣುಕತ್ತಲೆ. ಆಗ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಗಿಡಮದ್ದೆಲ್ಲ ನಿರಪಾಯ ಎಂದುಕೊಳ್ಳಲೂ ಬೇಡಿ: ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ಕೆಟ್ಟದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ದಾಖಲಿಸಿದ್ದಾರೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆ ಚೀಟಿಯ ಜೊತೆ ನೀವು ತಿನ್ನುವ ಎಲೆಯನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಡಾಕ್ಟರು ಬೈದಾರು ಎಂದು ಮುಚ್ಚಿಡಬೇಡಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಲೆ ಎಂಬುದನ್ನೂ ಹೇಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ರಕ್ತ ಕೊಟ್ಟೇ ಮನೆಗೆ ಬನ್ನಿ.