ಗಾಳಿಯ ಫೋಟೋ ಎಷ್ಟು ನಿಜ?

ಬೆಂಗಳೂರಿನ ಎನ್‌.ಎ.ಎಲ್‌. ಎಂಬ ವೈಮಾನಿಕ ಸಂಶೋಧನಾ ಸಂಸ್ಥೆಯಲ್ಲಿ 1967ರಿಂದ ಒಂದು ದೊಡ್ಡ ಗಾಳಿಸುರಂಗವಿದೆ. ತೇಜಸ್ ಯುದ್ಧವಿಮಾನದ ಪುಟ್ಟ ಮಾದರಿ ಅಲ್ಲಿನ ಗಾಳಿಗೆ ಮೈಯೊಡ್ಡಿದೆ, ರಾಕೆಟ್ಟುಗಳ ಮಾದರಿಗಳೂ ಒಡ್ಡಿವೆ. ಮಾದರಿ ಕದಲುವುದಿಲ್ಲ, ಗಾಳಿ ಅದರ ಮೇಲೆ ಹಾಯುತ್ತದೆ. ಇಂಥ ಸುರಂಗಗಳಲ್ಲಿ ಕಣ್ಣಿಗೆ ಕಾಣದ ಗಾಳಿಯ ವೇಗವನ್ನು ಕ್ಯಾಮೆರಾದಿಂದಲೂ ಅಳೆಯುತ್ತಾರೆ. ಅದು ಹೇಗೆ? ಆ ಅಳತೆಯನ್ನು ಎಷ್ಟು ನಂಬಬಹುದು?

ಪಿ.ಐ.ವಿ. ಎಂಬ ವಿಧಾನದಲ್ಲಿ ಗಾಳಿಗೆ ಎಣ್ಣೆಯ ಮಂಜು ಬೆರೆಸುತ್ತಾರೆ. ಒಂದೊಂದು ಹನಿಯ ಗಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಲೇಸರ್ ಬೆಳಕನ್ನು ತೆಳ್ಳಗೆ ಹರಡಿ, ಎರಡು ಸಲ ಮಿಂಚಿಸಿ, ಎರಡು ಫೋಟೋ ತೆಗೆಯುತ್ತಾರೆ. ನಡುವಿನ ಸಮಯ ಸೆಕೆಂಡಿನ ಲಕ್ಷದ ಒಂದು ಭಾಗ ಎನ್ನೋಣ. ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್ ಇದ್ದರೆ ಅಷ್ಟರಲ್ಲಿ ಹನಿ ಅರ್ಧ ಮಿಲಿಮೀಟರ್ ಸರಿದಿರುತ್ತದೆ. ಫೋಟೋದಲ್ಲಿ ಮಿಲಿಮೀಟರಿಗೆ 20 ಪಿಕ್ಸೆಲ್ ಇದ್ದರೆ, ಅದು 10 ಪಿಕ್ಸೆಲ್. ಹನಿಗಳ ಗುಂಪುಗಳನ್ನು ಹೋಲಿಸಿ ಕಂಪ್ಯೂಟರ್ ಇದನ್ನು ಪಿಕ್ಸೆಲಿನ ಹತ್ತನೇ ಒಂದು ಭಾಗದವರೆಗೆ ಹೇಳಬಲ್ಲದು. ಅಂದರೆ ನೂರಕ್ಕೆ ಒಂದರಷ್ಟು ತಪ್ಪು. ಕಾಣದ ವಸ್ತುವಿನ ಅಳತೆಗೆ ಇಷ್ಟು ನಿಖರತೆ ಕಡಿಮೆಯೇನಲ್ಲ.

ಇಲ್ಲೊಂದು ತಮಾಷೆಯಿದೆ. ಫೋಟೋ ತೀರಾ ಸ್ಪಷ್ಟವಾಗಿದ್ದರೆ ಅಳತೆ ಕೆಡುತ್ತದೆ! ಹನಿಯ ಚಿತ್ರ ಒಂದೇ ಪಿಕ್ಸೆಲಿನೊಳಗೆ ಅಡಗಿಬಿಟ್ಟರೆ ಅದು ಆ ಚೌಕದ ಎಡದಲ್ಲಿದೆಯೋ ಬಲದಲ್ಲಿದೆಯೋ ಗೊತ್ತಾಗುವುದಿಲ್ಲ. ಲೆಕ್ಕ 9 ಅಥವಾ 10 ಎಂಬ ಪೂರ್ಣ ಸಂಖ್ಯೆಯ ಕಡೆಗೇ ವಾಲುತ್ತದೆ. ಎರಡು ಮೂರು ಪಿಕ್ಸೆಲಿಗೆ ಹರಡಿದರೆ ಅಕ್ಕಪಕ್ಕದ ಬೆಳಕನ್ನು ತೂಗಿ ನಡುವನ್ನು ಕಂಡುಹಿಡಿಯಬಹುದು. ಅದಕ್ಕೇ ಕೆಲವೊಮ್ಮೆ ಬೇಕೆಂದೇ ಫೋಕಸ್ಸನ್ನು ಕೊಂಚ ಮಸುಕು ಮಾಡುತ್ತಾರೆ.

ಇದಕ್ಕಿಂತ ಮೊಂಡು ತೊಂದರೆ ಇನ್ನೊಂದು. ಕ್ಯಾಮೆರಾ ನೋಡುವುದು ಹನಿಯನ್ನು, ಗಾಳಿಯನ್ನಲ್ಲ. ಶಬ್ದಕ್ಕಿಂತ ವೇಗದ ಗಾಳಿಯಲ್ಲಿ ಆಘಾತ ತರಂಗ ಏಳುತ್ತದೆ. ಅದನ್ನು ದಾಟುವಾಗ ಗಾಳಿ ಕೂದಲೆಳೆಗಿಂತ ಎಷ್ಟೋ ತೆಳುವಾದ ಜಾಗದಲ್ಲಿ ಥಟ್ಟನೆ ನಿಧಾನವಾಗುತ್ತದೆ. ಹನಿಗೆ ತೂಕವಿದೆ, ಅದು ಹಳೆಯ ವೇಗದಲ್ಲೇ ನುಗ್ಗಿ, ಸುಮಾರು ಮಿಲಿಮೀಟರಿನಷ್ಟು ಮುಂದೆ ಹೋಗಿ ಗಾಳಿಯ ಲಯಕ್ಕೆ ಬರುತ್ತದೆ. ಚಿತ್ರದಲ್ಲಿ ಗೋಡೆಯಂತೆ ಕಡಿದಾಗಿರಬೇಕಾದದ್ದು ಇಳಿಜಾರಾಗಿ ಕಾಣುತ್ತದೆ. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಇದು ಹೋಗದು, ಹನಿಯನ್ನೇ ಚಿಕ್ಕದು ಮಾಡಬೇಕು. ಆದರೆ ಚಿಕ್ಕ ಹನಿ ಚೆಲ್ಲುವ ಬೆಳಕೂ ಕಡಿಮೆ.

ಈ ಮಿತಿಗಳಿದ್ದರೂ ಗಾಳಿ ಎಲ್ಲಿ ಸುಳಿಯುತ್ತದೆ, ಎಲ್ಲಿ ರೆಕ್ಕೆಯಿಂದ ಬೇರ್ಪಡುತ್ತದೆ ಎಂದು ತಿಳಿಯಲು ಕ್ಯಾಮೆರಾಕ್ಕೆ ಸಾಟಿಯಿಲ್ಲ. ಮಾದರಿಯ ಮೇಲೆ ಬೀಳುವ ಒಟ್ಟು ಬಲ ಬೇಕೆಂದಾಗ ಮಾತ್ರ ಎಂಜಿನಿಯರುಗಳು ಇಂದಿಗೂ ಮಾದರಿಯೊಳಗೆ ಕೂರಿಸಿದ ಲೋಹದ ತಕ್ಕಡಿಯನ್ನೇ ನೆಚ್ಚುತ್ತಾರೆ.