ಸೆರೆಮನೆಗೂ ಸ್ವಜನರಿಗೂ ಅಂಜದ ಮೌಲಾನಾ



ಸೆರೆಮನೆಯ ಮಾತು ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯ ಅಲ್ಲೀಪುರ ಜೈಲಿನ ಹೆಸರನ್ನು ನೀವು ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರನ್ನು ಅಲ್ಲಿ ಕೂಡಿಹಾಕಿದ್ದರು. ನಮ್ಮ ಕೂಡ್ಲಿಗಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದಿರುವ ನೀವು ಆ ಸ್ಮಾರಕಕ್ಕೆ ಕೈಮುಗಿದಾಗ, ಗಾಂಧೀಜಿಯವರ ಸಂಗಡ ನಡೆದವರನ್ನೂ ನೆನೆಯಬೇಕು. ಅಂಥವರಲ್ಲಿ ಒಬ್ಬರು ಮೌಲಾನಾ ಅಬುಲ್ ಕಲಾಂ ಆಜಾದ್. ಇಂದು ಅವರ ಜೀವನವನ್ನು ಕುರಿತು ನಾಲ್ಕು ಮಾತು ಹೇಳುತ್ತೇವೆ.

ಮನುಷ್ಯನನ್ನು ಕಾಡುವ ಭಯಗಳು ಎರಡು. ಆಳುವವರು ಹಿಡಿದು ಹಾಕಿಯಾರೆಂಬುದು ಒಂದು. ನಮ್ಮವರೇ ನಮ್ಮನ್ನು ದೂರ ಮಾಡಿಯಾರೆಂಬುದು ಇನ್ನೊಂದು. ಮೊದಲನೆಯದನ್ನು ಗೆದ್ದವರು ಬಹಳ ಮಂದಿ ಇದ್ದಾರೆ. ಎರಡನೆಯದನ್ನು ಗೆದ್ದವರು ವಿರಳ. ಆಜಾದರು ಎರಡನ್ನೂ ಗೆದ್ದರು. ಅದಕ್ಕಾಗಿಯೇ ಅವರ ಬಾಳು ನಮಗೆ ಪಾಠವಾಗಿದೆ.

ಅವರು ಹುಟ್ಟಿದ್ದು 1888ರಲ್ಲಿ, ಮೆಕ್ಕಾ ನಗರದಲ್ಲಿ. ತಂದೆ ಮೌಲಾನಾ ಖೈರುದ್ದೀನರು ದೊಡ್ಡ ವಿದ್ವಾಂಸರು, ಬಹು ಶಿಷ್ಯರಿದ್ದ ಪೀರರು. ಸಂಸಾರ ಕಲ್ಕತ್ತೆಗೆ ಬಂದು ನೆಲೆಸಿತು. ಮಗನನ್ನು ಹೊರಗಿನ ಶಾಲೆಗೆ ಕಳಿಸದೆ ಮನೆಯಲ್ಲೇ ಅರಬ್ಬಿ, ಪಾರಸಿ, ತರ್ಕ, ಧರ್ಮಶಾಸ್ತ್ರಗಳನ್ನು ಕಲಿಸಿದರು. ಬೇರೆಯವರು ಇಪ್ಪತ್ತೈದಕ್ಕೆ ಮುಗಿಸುವ ಪಾಠವನ್ನು ಈ ಹುಡುಗ ಹದಿನಾರರ ಹೊತ್ತಿಗೇ ಮುಗಿಸಿ ತಾನೇ ಪಾಠ ಹೇಳತೊಡಗಿದ.

ಆದರೆ ಓದಿದಂತೆಲ್ಲ ಮನಸ್ಸಿನಲ್ಲಿ ಪ್ರಶ್ನೆಗಳೆದ್ದವು. ಸತ್ಯ ಒಂದೇ ಆದರೆ ಪಂಥಗಳು ಹೀಗೇಕೆ ಕಾದಾಡುತ್ತವೆ? ಅಪ್ಪ ನಂಬಿದನೆಂಬ ಕಾರಣಕ್ಕೆ ಮಗನೂ ನಂಬಿದರೆ ಅದು ನಂಬಿಕೆಯೋ, ರೂಢಿಯೋ? ಆ ತೊಳಲಾಟದಲ್ಲೇ ಅವರು 'ಆಜಾದ್' ಎಂಬ ಹೆಸರನ್ನು ಆರಿಸಿಕೊಂಡರು. ಬಿಡುಗಡೆ ಪಡೆದವನು ಎಂದು ಅದರ ಅರ್ಥ. ತಂದೆಯ ಗಾದಿ ಕಾದಿತ್ತು, ಶಿಷ್ಯರು ಕಾದಿದ್ದರು. ಇವರು ಅದರ ಮೇಲೆ ಕೂಡಲಿಲ್ಲ. ಬಂಧುಗಳೇ, ಗಾದಿಯ ಮೇಲೆ ಕುಳಿತವರಾದ ನಾವು ಈ ಮಾತನ್ನು ಹೇಳುವಾಗ ನಮ್ಮನ್ನೂ ಕೇಳಿಕೊಳ್ಳಬೇಕಾಗುತ್ತದೆ. ಗಾದಿ ಇರುವುದು ಸತ್ಯವನ್ನು ಹೇಳುವುದಕ್ಕೆ. ಸತ್ಯಕ್ಕೆ ಅದೇ ಅಡ್ಡಬಂದರೆ ಇಳಿಯುವ ಕಾಲು ಗಟ್ಟಿಯಿರಬೇಕು. ಎಳೆಯ ಬಸವಣ್ಣನವರು ಉಪನಯನವನ್ನು ತೊರೆದು ಮನೆಬಿಟ್ಟು ನಡೆದದ್ದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಜಾದರು ಮತ್ತೆ ಧರ್ಮಕ್ಕೆ ಬಂದರು. ಆದರೆ ಹುಟ್ಟಿನಿಂದಲ್ಲ, ಹುಡುಕಾಟದಿಂದ ಬಂದರು. 1912ರಲ್ಲಿ ಕಲ್ಕತ್ತೆಯಿಂದ 'ಅಲ್ ಹಿಲಾಲ್' ಎಂಬ ಉರ್ದು ವಾರಪತ್ರಿಕೆಯನ್ನು ಹೊರಡಿಸಿದರು. ಪರರ ಆಳ್ವಿಕೆಗೆ ತಲೆಬಾಗುವುದು ಧರ್ಮವಲ್ಲ, ಈ ನಾಡಿನ ಮುಸಲ್ಮಾನರು ಹಿಂದೂ ಬಂಧುಗಳೊಡನೆ ಕೂಡಿ ಸ್ವಾತಂತ್ರ್ಯಕ್ಕೆ ಹೋರಾಡಬೇಕು ಎಂಬುದು ಅದರ ಸಾರ. ಆಂಗ್ಲರನ್ನು ಎದುರುಹಾಕಿಕೊಳ್ಳುವುದು ಬೇಡವೆನ್ನುತ್ತಿದ್ದ ಮುಸ್ಲಿಂ ಮುಖಂಡರಿಗೆ ಇದು ಹಿಡಿಸಲಿಲ್ಲ. ಸರಕಾರ ಪತ್ರಿಕೆಯ ಠೇವಣಿಯನ್ನು ಕಿತ್ತುಕೊಂಡಿತು. 1916ರಲ್ಲಿ ಅವರನ್ನು ಬಂಗಾಳದಿಂದ ಹೊರಹಾಕಿ ರಾಂಚಿಯಲ್ಲಿ ನಜರಬಂದಿಯಲ್ಲಿಟ್ಟಿತು. 1919ರ ಕೊನೆಯವರೆಗೆ ಅಲ್ಲೇ ಇದ್ದರು. ಬರೆದ ಹಾಳೆಗಳನ್ನೂ ಪೊಲೀಸರು ಹೊತ್ತೊಯ್ದರು. ಇವರು ಮತ್ತೆ ಬರೆದರು.

1921ರ ಡಿಸೆಂಬರಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಮತ್ತೆ ಹಿಡಿದರು. ವಕೀಲರನ್ನಿಟ್ಟು ವಾದಿಸಿದ್ದರೆ ಬಿಡುಗಡೆಯಾಗುತ್ತಿತ್ತೋ ಏನೋ. ಇವರು ವಾದಿಸಲಿಲ್ಲ. 1922ರ ಜನವರಿಯಲ್ಲಿ ಕಲ್ಕತ್ತೆಯ ನ್ಯಾಯಾಲಯಕ್ಕೆ ಒಂದು ದೀರ್ಘ ಹೇಳಿಕೆ ಕೊಟ್ಟರು. ಅದರ ತಾತ್ಪರ್ಯ ಇಷ್ಟು: ಈ ಸರಕಾರ ಅನ್ಯಾಯದ್ದೆಂದು ಹೇಳುವುದು ಅಪರಾಧವಾದರೆ ಆ ಅಪರಾಧವನ್ನು ನಾನು ಮಾಡಿದ್ದೇನೆ; ಅನ್ಯಾಯವನ್ನು ಅನ್ಯಾಯವೆನ್ನುವುದು ನನ್ನ ಧರ್ಮ ನನಗೆ ವಿಧಿಸಿದ ಕರ್ತವ್ಯ; ಸಾಕ್ರೆಟೀಸನೂ ಯೇಸುವೂ ನಿಂತ ಕಟಕಟೆಯಲ್ಲಿ ನಿಲ್ಲುವ ಭಾಗ್ಯ ನನ್ನದಾಗಿದೆ. ಫೆಬ್ರವರಿಯಲ್ಲಿ ಒಂದು ವರ್ಷದ ಕಠಿಣ ಶಿಕ್ಷೆಯಾಯಿತು.

ಆಗ ಅವರ ಪತ್ನಿ ಜುಲೇಖಾ ಬೇಗಮ್ ಏನು ಮಾಡಿದರು ಗೊತ್ತೆ? ಗಾಂಧೀಜಿಯವರಿಗೆ ತಂತಿ ಕೊಟ್ಟರು. ನಾವು ಎದುರುನೋಡಿದ್ದಕ್ಕಿಂತ ಶಿಕ್ಷೆ ಬಹಳ ಕಡಿಮೆಯಾಯಿತು, ಪತಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ನಾನು ಮಾಡುತ್ತೇನೆ ಎಂದು ತಿಳಿಸಿದರು. ತಾಯಂದಿರೇ, ಆ ಹೆಣ್ಣುಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಸೆರೆವಾಸಗಳ ನಡುವೆಯೇ ಅವರು ಕುರಾನಿಗೆ ಉರ್ದುವಿನಲ್ಲಿ ಅನುವಾದವನ್ನೂ ವ್ಯಾಖ್ಯಾನವನ್ನೂ ಬರೆದರು. 1930ರ ದಶಕದಲ್ಲಿ ಅದು ಪ್ರಕಟವಾಯಿತು. ವಿಧಿ ಆಚಾರಗಳು ದೇಶಕಾಲಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತವೆ, ದೇವನೊಬ್ಬನೇ, ಎಲ್ಲ ಪ್ರವಾದಿಗಳು ಸಾರಿದ ಧರ್ಮವೂ ಒಂದೇ ಎಂದು ಅದರಲ್ಲಿ ಹೇಳಿದರು. ಅವರ ಮತದ ಕೆಲವು ಪಂಡಿತರಿಗೆ ಇದು ಸಹಿಸಲಿಲ್ಲ, ಖಂಡಿಸಿದರು. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಸೇರುವುದನ್ನು ಕಂಡವರಿಗೆ ಆ ಮಾತು ಕಠಿಣವಲ್ಲ. ಆದರೆ ಶಾಸ್ತ್ರ ಓದಿದವರ ನಡುವೆ ನಿಂತು, ಶಾಸ್ತ್ರದ ಮಾತಿನಲ್ಲೇ ಹೇಳಲು ಎದೆಗಾರಿಕೆ ಬೇಕು.

1942ರ ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ಅವರನ್ನು ಬಂಧಿಸಿ ಅಹಮದ್‌ನಗರದ ಕೋಟೆಯಲ್ಲಿಟ್ಟರು. ಆಗ ಅವರು ಕಾಂಗ್ರೆಸ್ಸಿನ ಅಧ್ಯಕ್ಷರು. ನೆಹರು, ಪಟೇಲರೂ ಅಲ್ಲಿದ್ದರು. ಅದುವರೆಗಿನ ಸೆರೆವಾಸವನ್ನು ಲೆಕ್ಕಹಾಕಿದ ಮೌಲಾನಾ, ಐವತ್ತಮೂರು ವರ್ಷದ ಆಯುಷ್ಯದಲ್ಲಿ ಏಳರಲ್ಲಿ ಒಂದು ಪಾಲು ಜೈಲಿನಲ್ಲೇ ಕಳೆದಿದೆ, ವಾರದಲ್ಲಿ ಒಂದು ದಿನ ರಜೆಯಿದ್ದಂತಾಯಿತು ಎಂಬರ್ಥದಲ್ಲಿ ನಗೆಯಾಡಿ ಬರೆದರು.

ಆದರೆ ಆ ಕೋಟೆಯಲ್ಲೇ ಕಠಿಣ ಪರೀಕ್ಷೆ ಬಂತು. ಕಲ್ಕತ್ತೆಯಲ್ಲಿ ಜುಲೇಖಾ ಬೇಗಮರ ಕಾಯಿಲೆ ಉಲ್ಬಣಿಸಿತು. ಹೆಂಡತಿಯನ್ನು ನೋಡಲು ಅಪ್ಪಣೆ ಬೇಕಾದರೆ ಸರಕಾರಕ್ಕೆ ಬರೆಯುತ್ತೇನೆಂದು ಜೈಲಿನ ಅಧಿಕಾರಿ ಹೇಳಿದ. ಮೌಲಾನಾ ಬೇಡವೆಂದರು. ನೆಹರು ಬಂದು ಮಾತಾಡಿದರು; ಅವರಿಗೂ ಅದೇ ಉತ್ತರ. ತೊಲಗು ಎಂದು ಯಾವ ಸರಕಾರಕ್ಕೆ ಹೇಳಿದ್ದರೋ ಅದರ ಮುಂದೆ ಕೈಚಾಚಲು ಮನಸ್ಸೊಪ್ಪಲಿಲ್ಲ. 1943ರ ಏಪ್ರಿಲ್‌ನಲ್ಲಿ ಆ ತಾಯಿ ತೀರಿಕೊಂಡರು.

ಇದೆಂಥ ಕಲ್ಲೆದೆ ಎಂದು ನಿಮಗನಿಸಬಹುದು. ಕಲ್ಲೆದೆಯಲ್ಲ. ಹೊರಗೆ ಶಾಂತನಾಗಿ ಕಾಣಲು ಒಳಗೆ ಎಷ್ಟು ಹೆಣಗಬೇಕಾಯಿತೆಂಬುದನ್ನು ಅಂಚೆಗೆ ಹಾಕಲಾಗದ ಪತ್ರಗಳಲ್ಲಿ ಅವರು ಬರೆದಿಟ್ಟರು. ಮುಂಬಯಿಗೆ ಹೊರಟಾಗ ಬಾಗಿಲವರೆಗೆ ಬಂದು ಬೀಳ್ಕೊಟ್ಟ ಹೆಂಡತಿಯ ಮುಖ ಕಣ್ಣಿಂದ ಮರೆಯಾಗಲಿಲ್ಲ. 1945ರಲ್ಲಿ ಬಿಡುಗಡೆಯಾಗಿ ಕಲ್ಕತ್ತೆಗೆ ಬಂದಾಗ ಜನ ಹೂಮಾಲೆಗಳನ್ನು ಹೇರಿದರು. ಅವರು ನೇರವಾಗಿ ಸಮಾಧಿಗೆ ಹೋಗಿ, ಅದೇ ಮಾಲೆಗಳಲ್ಲಿ ಒಂದನ್ನು ಅದರ ಮೇಲಿಟ್ಟು ಪ್ರಾರ್ಥಿಸಿದರು. 1922ರಲ್ಲಿ ಆ ತಂತಿ ಕೊಟ್ಟ ಹೆಂಡತಿ ಪತಿಯ ವ್ರತದಲ್ಲಿ ಪಾಲುಗಾರಳು. ಅವಳಿಗಾಗಿಯೆಂದು ವ್ರತಭಂಗ ಮಾಡಿದ್ದರೆ ಅದು ಅವಳಿಗೆ ಗೌರವವಾಗುತ್ತಿತ್ತೆ? ಯೋಚಿಸಿರಿ.

ಸೆರೆಮನೆ ಆಳುವವರು ಕೊಟ್ಟ ನೋವು. ಸ್ವಜನರು ಕೊಟ್ಟ ನೋವು ಇನ್ನೊಂದು. ದೇಶವನ್ನು ಧರ್ಮದ ಹೆಸರಿನಲ್ಲಿ ಒಡೆಯಬಾರದೆಂದು ಹಟಹಿಡಿದದ್ದಕ್ಕೆ ಅವರ ಮತದವರಲ್ಲೇ ಬಹಳ ಜನ ಅವರನ್ನು ದ್ರೋಹಿಯೆಂದರು. 1940ರಲ್ಲಿ ಜಿನ್ನಾ ಅವರನ್ನು ಕಾಂಗ್ರೆಸ್ಸಿನ ತೋರಿಕೆಯ ಬೊಂಬೆಯೆಂದು ತಂತಿಯಲ್ಲೇ ಹಂಗಿಸಿದರು. ಅಲೀಗಢದ ರೈಲು ನಿಲ್ದಾಣದಲ್ಲಿ ವಿದ್ಯಾರ್ಥಿಗಳ ಗುಂಪು ಅವಮಾನಿಸಿತು. ಮೌಲಾನಾ ಮರುಮಾತಾಡಲಿಲ್ಲ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿಗಳಾದ ಮೇಲೆ, 1949ರಲ್ಲಿ, ಅದೇ ಅಲೀಗಢದ ವಿಶ್ವವಿದ್ಯಾನಿಲಯಕ್ಕೆ ಹೋಗಿ ಘಟಿಕೋತ್ಸವ ಭಾಷಣ ಮಾಡಿದರು.

1947ರ ಅಕ್ಟೋಬರಿನಲ್ಲಿ ದೆಹಲಿ ಹೊತ್ತಿ ಉರಿದು ಸಾವಿರಾರು ಮುಸಲ್ಮಾನರು ಊರು ಬಿಡಲು ಗಂಟು ಕಟ್ಟಿದ್ದರು. ಆಗ ಜುಮ್ಮಾ ಮಸೀದಿಯಲ್ಲಿ ನಿಂತು ಅವರು ಮಾತಾಡಿದರು. ಅಂದು ನನ್ನ ಮಾತು ಕೇಳಲಿಲ್ಲವೆಂದು ನೊಂದು ನುಡಿದರು; ಆದರೆ ಅಷ್ಟಕ್ಕೇ ನಿಲ್ಲಿಸದೆ, ಓಡಬೇಡಿರಿ, ಈ ನೆಲ ನಿಮ್ಮದು ಎಂದು ಧೈರ್ಯ ತುಂಬಿದರು. ತನ್ನನ್ನು ಬಯ್ದವರು ಕಷ್ಟದಲ್ಲಿದ್ದಾಗ ಬಿಟ್ಟುಹೋಗದವನೇ ನಿಜವಾದ ವಿರೋಧಿ. 1958ರ ಫೆಬ್ರವರಿ 22ರಂದು ಅವರು ತೀರಿಕೊಂಡಾಗ, ಆ ಮಸೀದಿಯ ಎದುರಿಗೇ ಅವರನ್ನು ಮಣ್ಣು ಮಾಡಿದರು.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಜನ ಸರಕಾರವನ್ನು ಧಾರಾಳವಾಗಿ ಬಯ್ಯುತ್ತೇವೆ. ಆದರೆ ನಮ್ಮ ಓಣಿಯಲ್ಲಿ, ನಮ್ಮ ಜಾತಿಯಲ್ಲಿ, ನಮ್ಮ ಮನೆಯಲ್ಲಿ ತಪ್ಪು ನಡೆದಾಗ ಬಾಯಿ ಕಟ್ಟುತ್ತದೆ. ವರದಕ್ಷಿಣೆಯ ಮಾತುಕತೆಯಲ್ಲಿ ಸುಮ್ಮನೆ ಕೂಡುತ್ತೇವೆ. ಕೆರೆಯ ನೀರಿನ ಹತ್ತಿರ ಒಬ್ಬನನ್ನು ತಡೆದರೆ ಕಂಡೂ ಕಾಣದಂತೆ ಹೋಗುತ್ತೇವೆ. ಊರವರು ಏನೆಂದಾರು, ಬೀಗರು ಏನೆಂದಾರು ಎಂಬ ಭಯವೇ ನಮ್ಮ ಸೆರೆಮನೆ. ಅದಕ್ಕೆ ಗೋಡೆಯಿಲ್ಲ, ಕಾವಲುಗಾರನಿಲ್ಲ. ಆದರೂ ಆಯುಷ್ಯವೆಲ್ಲ ಅದರೊಳಗೇ ಕಳೆಯುತ್ತದೆ.

ನಮ್ಮವರ ತಪ್ಪನ್ನು ನಮ್ಮವರಿಗೇ ಹೇಳುವ ಧೈರ್ಯ, ಹೇಳಿದ ಮೇಲೂ ಅವರನ್ನು ಬಿಡದ ಪ್ರೀತಿ, ಇವೆರಡೂ ಒಟ್ಟಿಗಿದ್ದರೆ ಅದು ಧರ್ಮ. ಆ ಧೈರ್ಯವೂ ಆ ಪ್ರೀತಿಯೂ ನಿಮ್ಮೆಲ್ಲರಿಗೂ ದೊರೆಯಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.