ಸ್ತ್ರೀಕಾಯಕವೂ ಲೋಕವ್ಯಾಪಾರವೂ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಬೆಳಗಿನ ಹೊತ್ತು ಕೆಂಗೇರಿಯ ಬಳಿ ಮೈಸೂರು ರಸ್ತೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಒಂದು ದೃಶ್ಯವು ಕಾಣದೆ ಇರದು. ರಾಮನಗರ ಚನ್ನಪಟ್ಟಣಗಳ ಕಡೆಯಿಂದ ಬಸ್ಸುಗಳೂ ಟೆಂಪೋಗಳೂ ಸಾಲಾಗಿ ಬರುವುವು. ಅವುಗಳಿಂದ ಹೆಂಗಸರು ಗುಂಪುಗುಂಪಾಗಿ ಇಳಿಯುವರು. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಮುಡಿಯಲ್ಲಿ ಒಂದು ಮೊಳ ಹೂವು. ಕೋಳಿ ಕೂಗುವ ಮೊದಲೆ ಎದ್ದು, ಒಲೆ ಹಚ್ಚಿ, ಮಕ್ಕಳನ್ನು ಅತ್ತೆಯ ಕೈಗೋ ನೆರೆಯವರ ಕೈಗೋ ಒಪ್ಪಿಸಿ ಬಂದವರು ಇವರು. ಜನರು ಇವರನ್ನು ‘ಗಾರ್ಮೆಂಟ್ಸಿನವರು’ ಎಂದು ಕರೆಯುವರು. ಒಳಗೆ ಹೋದ ಮೇಲೆ ಒಬ್ಬಳು ದಿನವೆಲ್ಲ ಕಾಲರನ್ನೇ ಹೊಲಿಯುವಳು. ಇನ್ನೊಬ್ಬಳು ತೋಳನ್ನೇ ಕೂಡಿಸುವಳು. ಮತ್ತೊಬ್ಬಳು ಗುಂಡಿಯನ್ನೇ ಹಾಕುವಳು. ಇಡಿಯ ಅಂಗಿಯನ್ನು ಹೊಲಿದವಳು ಯಾವಳೂ ಇಲ್ಲ. ಅಂಗಿಯಾದರೋ ಸಿದ್ಧವಾಗಿ, ಸಮುದ್ರವನ್ನು ದಾಟಿ, ಅಮೆರಿಕ ಯೂರೋಪುಗಳ ಅಂಗಡಿಗಳಲ್ಲಿ ತೂಗಾಡುವುದು. ತೊಡುವವನು ಹೊಲಿದವಳನ್ನು ಅರಿಯನು. ಹೊಲಿದವಳು ತೊಡುವವನನ್ನು ಅರಿಯಳು. ಈಗಿನವರು ಜಾಗತೀಕರಣವೆಂದು ಹೇಳುವ ವಸ್ತುವನ್ನು ಕಣ್ಣಾರೆ ಕಾಣಬೇಕಾದರೆ ದೂರ ಹೋಗಬೇಕಾದುದಿಲ್ಲ. ಕೆಂಗೇರಿಯ ತನಕ ಹೋದರೆ ಸಾಕು.

ಬೆಂಗಳೂರಿನ ಪಡುವಣ ಭಾಗಕ್ಕೆ ಬಟ್ಟೆಯ ಕಸುಬು ಹೊಸದಲ್ಲ. ಬಿನ್ನಿಪೇಟೆಯು ತನ್ನ ಹೆಸರನ್ನು ಪಡೆದುದು ಬಿನ್ನಿ ಗಿರಣಿಯಿಂದ. ಗಿರಣಿಯ ಶಿಳ್ಳು ಕೇಳಿ ಎದ್ದು ಗಡಿಯಾರವನ್ನು ಸರಿಮಾಡಿಕೊಳ್ಳುತ್ತಿದ್ದ ಮನೆಗಳು ಆ ಪ್ರಾಂತದಲ್ಲಿ ಬಹಳವಾಗಿದ್ದುವು. ಆ ಗಿರಣಿಗಳಲ್ಲಿ ಹೆಚ್ಚಾಗಿ ದುಡಿದವರು ಗಂಡಸರು. ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಗಾರ್ಮೆಂಟ್ಸ್ ಕಾರ್ಖಾನೆಗಳು ತೆರೆದುವು. ಅವುಗಳಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಯಾವ ಬಡದೇಶದಿಂದ ಎಷ್ಟು ಬಟ್ಟೆ ಬರಬೇಕೆಂದು ಸಿರಿವಂತ ದೇಶಗಳು 1974ರ ಒಪ್ಪಂದದಂತೆ ಮಿತಿಯನ್ನು ಕಟ್ಟಿದ್ದುವು. 2005ನೆಯ ಇಸವಿ ಜನವರಿ 1ರಂದು ಆ ಕಟ್ಟು ಬಿಚ್ಚಿತು. ಅಂದಿನಿಂದ ಕೊಳ್ಳುವವನು ಎಲ್ಲಿ ಅಗ್ಗವೋ ಅಲ್ಲಿಗೆ ನಡೆದನು.

ಇಲ್ಲಿಯೆ ಕಷ್ಟದ ಮೂಲವಿದೆ. ಬೆಂಗಳೂರಿನವಳು ಕೂಲಿಯನ್ನು ಹೆಚ್ಚಿಸಿರೆಂದರೆ ‘ಆರ್ಡರು ಢಾಕಾಕ್ಕೆ ಹೋದೀತು’ ಎನ್ನುವರು. ಢಾಕಾದವಳು ಕೇಳಿದರೆ ‘ಕಾಂಬೋಡಿಯಾಕ್ಕೆ ಹೋದೀತು’ ಎನ್ನುವರು. ಒಬ್ಬರ ಮುಖವನ್ನೊಬ್ಬರು ಕಂಡರಿಯದ ಈ ಹೆಂಗಸರು ಹೀಗೆ ಸವತಿಯರಂತೆ ಎದುರುಬದುರು ನಿಲ್ಲಿಸಲ್ಪಟ್ಟಿರುವರು. ತಂಗಿಯ ಬರಿದಾದ ತಟ್ಟೆಯನ್ನು ತೋರಿಸಿ ಅಕ್ಕನ ಬಾಯನ್ನು ಮುಚ್ಚಿಸುವ ಉಪಾಯವಿದು. ಇದಕ್ಕೆ ಪ್ರತ್ಯುಪಾಯವು ಒಂದೇ: ಅಕ್ಕತಂಗಿಯರು ಪರಸ್ಪರ ಮಾತಾಡಬೇಕು. ಆದರೆ ನುಡಿ ಬೇರೆ, ಮತ ಬೇರೆ, ದೇಶ ಬೇರೆಯಾದವರು ಒಂದುಗೂಡುವುದೆಂತು ಎಂದು ಕೇಳಬಹುದು.

ಶರಣರ ಚರಿತ್ರೆಯನ್ನು ಬಲ್ಲವರಿಗೆ ಈ ಪ್ರಶ್ನೆಯು ಅಪೂರ್ವವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಹೆಂಗಸರು ಒಂದೂರಿನವರಲ್ಲ, ಒಂದು ಕುಲದವರಲ್ಲ. ಮೋಳಿಗೆಯ ಮಹಾದೇವಿಯು ಕಾಶ್ಮೀರದ ಅರಸಿಯಾಗಿದ್ದು, ಕಟ್ಟಿಗೆ ಮಾರುವ ಗಂಡನೊಡನೆ ಕಲ್ಯಾಣದಲ್ಲಿ ಬಾಳಿದಳೆಂದು ಸಂಪ್ರದಾಯವು ಹೇಳುವುದು. ಕದಿರ ರೆಮ್ಮವ್ವೆಯ ಹೆಸರಿನಲ್ಲಿಯೆ ನೂಲುವ ಕದಿರು ಸೇರಿಕೊಂಡಿದೆ. ಇವರನ್ನು ಕೂಡಿಸಿದುದು ಹುಟ್ಟಿದ ಊರಲ್ಲ, ಕೈಯ ಕೆಲಸ. ಆಯ್ದಕ್ಕಿ ಲಕ್ಕಮ್ಮನ ಕಥೆಯಂತೂ ಮಕ್ಕಳಿಗೂ ಗೊತ್ತು. ಗಂಡನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಇಷ್ಟು ಬೇಡ, ಮಿಕ್ಕುದನ್ನು ತಂದಲ್ಲಿಯೆ ಸುರಿದು ಬನ್ನಿರೆಂದು ಕಳುಹಿದ ಗೃಹಿಣಿಯವಳು. ಅವಳು ಆಡಿದುದು ಬಡತನದ ಮಾತಲ್ಲ, ಅಳತೆಯ ಮಾತು. ದುಡಿದುದಕ್ಕೆ ತಕ್ಕುದು ಬರಬೇಕು, ತಕ್ಕುದಕ್ಕಿಂತ ಹೆಚ್ಚಿನದು ಬೇಡ. ಲೋಕವ್ಯಾಪಾರವು ಮರೆತಿರುವುದು ಈ ಅಳತೆಯನ್ನೇ.

ಬಟ್ಟೆ ಹೊಲಿಯುವ ಹೆಂಗಸರು ನುಡಿಯ ಗಡಿಯನ್ನು ದಾಟಿ ಒಂದುಗೂಡಿದುದಕ್ಕೆ ನೂರು ವರ್ಷಗಳಿಗೂ ಹಿಂದಿನ ಒಂದು ದೃಷ್ಟಾಂತವುಂಟು. ನ್ಯೂಯಾರ್ಕ್ ಪಟ್ಟಣದ ಹೊಲಿಗೆಯ ಕಾರ್ಖಾನೆಗಳಲ್ಲಿ ಯೂರೋಪಿನಿಂದ ಬಂದ ಯೆಹೂದಿ ಹುಡುಗಿಯರೂ ಇಟಲಿಯ ಹುಡುಗಿಯರೂ ದುಡಿಯುತ್ತಿದ್ದರು. 1909ರ ನವೆಂಬರಿನಲ್ಲಿ ಒಂದು ಸಭೆಯಲ್ಲಿ ದೊಡ್ಡವರು ಗಂಟೆಗಟ್ಟಲೆ ಭಾಷಣ ಮಾಡುತ್ತಿರಲು, ಕ್ಲಾರಾ ಲೆಮ್ಲಿಚ್ ಎಂಬ ಹುಡುಗಿಯೊಬ್ಬಳು ಎದ್ದು, ತನ್ನ ಯಿಡ್ಡಿಷ್ ನುಡಿಯಲ್ಲಿ, ಮಾತು ಸಾಕು, ಕೆಲಸ ನಿಲ್ಲಿಸೋಣವೆಂದು ಸೂಚಿಸಿದಳು. ಸುಮಾರು 20,000 ಮಂದಿ ಸೂಜಿಯನ್ನು ಕೆಳಗಿಟ್ಟರು. ಹಲವು ಕಾರ್ಖಾನೆಗಳು ಒಪ್ಪಿದುವು, ಕೆಲವು ಒಪ್ಪಲಿಲ್ಲ. ಒಪ್ಪದವುಗಳಲ್ಲಿ ಒಂದಾದ ಟ್ರಯಾಂಗಲ್ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದಿತು. ಬಾಗಿಲಿಗೆ ಬೀಗ ಹಾಕಿತ್ತು. 146 ಮಂದಿ ಸತ್ತರು. ಬಹುಮಂದಿ ಎಳೆಯ ಹುಡುಗಿಯರು.

ಶತಮಾನವೊಂದು ಕಳೆದ ಮೇಲೆ ಅದೇ ದುಃಖವು ಬಂಗಾಳದ ನೆಲದಲ್ಲಿ ಮರುಕಳಿಸಿತು. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವು ಕುಸಿದು 1,134 ಮಂದಿ ಮಡಿದರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಕೆಲಸಕ್ಕೆ ಬರಬೇಕೆಂದು ಅಪ್ಪಣೆಯಾಗಿತ್ತು. ಆ ದೇಶದಲ್ಲಿ ಕಲ್ಪನಾ ಅಖ್ತರ್ ಎಂಬಾಕೆಯುಂಟು. ಹನ್ನೆರಡನೆಯ ವಯಸ್ಸಿನಲ್ಲಿಯೆ ಹೊಲಿಗೆಯ ಕಾರ್ಖಾನೆಗೆ ಸೇರಿ, ಸಂಘ ಕಟ್ಟಿದುದಕ್ಕಾಗಿ ಕೆಲಸವನ್ನು ಕಳೆದುಕೊಂಡವಳು. ಅಂತಹವರ ಕೂಗು ಕಡಲಾಚೆಯ ಕೊಳ್ಳುವವರ ಕಿವಿಗೂ ಮುಟ್ಟಿ, ಕಟ್ಟಡಗಳ ಭದ್ರತೆಯನ್ನು ಕುರಿತು ವ್ಯಾಪಾರದ ಕಂಪೆನಿಗಳು ಕಾಯಿದೆಗೆ ಒಳಪಟ್ಟ ಒಂದು ಕರಾರಿಗೆ ಅದೇ ವರ್ಷದ ಮೇ ತಿಂಗಳಿನಲ್ಲಿ ರುಜು ಹಾಕಿದುವು. ಸತ್ತವರು ಮರಳಲಿಲ್ಲ, ಆದರೆ ಬೀಳಬಹುದಾಗಿದ್ದ ಎಷ್ಟೋ ಗೋಡೆಗಳು ಭದ್ರವಾದುವು.

ಹೊರಗಿನ ಮಾತು ಹೀಗಿರಲಿ. ಬೆಂಗಳೂರಿನ ಹೆಂಗಸರು ಮಾಡಿದುದೇನು? 2016ರ ಫೆಬ್ರವರಿ 10ರಂದು ಕೇಂದ್ರ ಸರಕಾರವು ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿ, ಕೆಲಸವನ್ನು ಬಿಟ್ಟವರು ಮಾಲೀಕನು ಕಟ್ಟಿದ ಪಾಲನ್ನು 58 ವರ್ಷ ವಯಸ್ಸಾಗುವ ತನಕ ತೆಗೆಯಕೂಡದೆಂದು ವಿಧಿಸಿತು. ಮುಪ್ಪಿಗೆ ಒಳ್ಳೆಯದೆಂದು ಸರಕಾರವು ಎಣಿಸಿರಬಹುದು. ಆದರೆ ಗಾರ್ಮೆಂಟ್ಸಿನವಳಿಗೆ ಆ ಪಿ.ಎಫ್. ಹಣವೆಂದರೆ ಮಗಳ ಕಾಲೇಜಿನ ಫೀಜು, ಬಡ್ಡಿಯವನ ಸಾಲ, ತವರಿನ ಮನೆಯ ಚಾವಣಿ. ಅಷ್ಟು ವಯಸ್ಸಿನ ತನಕ ಯಂತ್ರದ ಮುಂದೆ ಕೂರಲು ಅವಳ ಸೊಂಟವೂ ಕಣ್ಣೂ ಒಪ್ಪವು. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಬಂದು ಕುಳಿತರು. ಕರೆ ಕೊಟ್ಟ ನಾಯಕರಿಲ್ಲ; ಬಾವುಟವಿಲ್ಲ; ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ಹೋದ ಮಾತೇ ಕರೆಯಾಯಿತು. ಎರಡನೆಯ ದಿನ ಕಲ್ಲೆಸೆತವೂ ಬೆಂಕಿಯೂ ಲಾಠಿಯೂ ನಡೆದುದು ಶೋಚನೀಯವೇ. ಆದರೆ ಅಂದಿನ ಸಂಜೆಯೊಳಗಾಗಿ ಸರಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಇಲ್ಲಿಯ ಹೆಂಗಸರ ಹಟದಿಂದ ಉಪಕಾರವಾದುದು ಇಡಿಯ ದೇಶದ ಕಾರ್ಮಿಕರಿಗೆ.

ಎರಡು ದಿನದ ಆವೇಶಕ್ಕಿಂತ ಎರಡು ವರ್ಷದ ತಾಳ್ಮೆಯು ಕಷ್ಟವಾದುದು. ಅದಕ್ಕೂ ಒಂದು ಉದಾಹರಣೆಯುಂಟು. ಧಾರಣೆಗಳು ಏರಿದಂತೆ ಪ್ರತಿವರ್ಷವೂ ಏಪ್ರಿಲ್ ತಿಂಗಳಿನಿಂದ ಕನಿಷ್ಠ ಕೂಲಿಯೊಡನೆ ತುಟ್ಟಿಭತ್ಯೆಯು ಏರಬೇಕೆಂಬುದು ಕಟ್ಟಳೆ. 2020ರಲ್ಲಿ ಏರಬೇಕಾದುದು ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನದ ಕೆಲಸಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ಅರ್ಧ ಲೀಟರು ಹಾಲಿಗೂ ಸಾಲದ ಹಣ. ಕೊರೋನಾ ಜಾಡ್ಯದ ಕಾಲದಲ್ಲಿ ಇದಕ್ಕೆ ತಡೆ ಬಿದ್ದಿತು. ಕಾರ್ಮಿಕ ಸಂಘಗಳು ಉಚ್ಚ ನ್ಯಾಯಾಲಯವನ್ನು ಮರೆಹೊಕ್ಕುವು. ಕೊಡಬೇಕೆಂದು ನ್ಯಾಯಾಲಯವು ಹೇಳಿತು. ಆದರೂ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಕೂಲಿಗಾರರ ಹಣವು ಹೀಗೆ ನಿಂತುಹೋಯಿತು. ಒಬ್ಬಳಿಗೆ ಹದಿನಾರು ರೂಪಾಯಿ. ಎಲ್ಲವೂ ಕೂಡಿದರೆ ಕೋಟಿಗಳು.

ಈ ಸಂದರ್ಭದಲ್ಲಿ ಗಾರ್ಮೆಂಟ್ಸ್ ಕಾರ್ಮಿಕರ ಸಂಘಗಳನ್ನು ನಡೆಸುವ ಪ್ರತಿಭಾ ಆರ್., ರುಕ್ಮಿಣಿ ವಿ.ಪಿ. ಮೊದಲಾದ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಕೂಲಿಯ ಚೀಟಿಗಳೇ ಸಾಕ್ಷಿಗಳಾದುವು. ಲೆಕ್ಕವು ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಗೆ ಮುಟ್ಟಿತು. ಅದು 2021ರ ಡಿಸೆಂಬರಿನಲ್ಲಿ ಸಂಗತಿಯನ್ನು ಲೋಕಕ್ಕೆ ಸಾರಿತು. ಅಂಗಿಯ ಮೇಲೆ ಹೆಸರು ಬರೆಯಿಸಿಕೊಳ್ಳುವ ಕಂಪೆನಿಗಳಿಗೆ ನಾಚಿಕೆಯಾಯಿತು. 2022ರ ಮೊದಲ ತಿಂಗಳುಗಳಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿಯನ್ನು ಕೊಡಲು ಒಪ್ಪಿದುವು. ಬೆಂಗಳೂರಿನ ಕಾಗದವೊಂದು ವಾಷಿಂಗ್ಟನ್ನಿಗೆ ಹೋಗಿ ಬೆಂಗಳೂರಿನ ಕೂಲಿಯಾಗಿ ಹಿಂದಿರುಗಿತು. ಅಂಗಿಯು ಹೋದ ದಾರಿಯಲ್ಲಿಯೆ ನ್ಯಾಯವೂ ನಡೆಯಬಲ್ಲುದೆಂಬುದನ್ನು ಈ ಹೆಂಗಸರು ತೋರಿಸಿಕೊಟ್ಟರು.

ಆದರೆ ಬಂದ ಕಷ್ಟವನ್ನು ಕಳೆಯುವುದು ಒಂದು, ಕಷ್ಟದ ಬೇರನ್ನು ಕೀಳುವುದು ಇನ್ನೊಂದು. ಅಕ್ಕತಂಗಿಯರನ್ನು ಸವತಿಯರಾಗಿಸುವ ಉಪಾಯಕ್ಕೆ ಮದ್ದೇನು? ಭಾರತ, ಬಾಂಗ್ಲಾದೇಶ, ಇಂಡೋನೇಷಿಯಾ, ಕಾಂಬೋಡಿಯಾ, ಶ್ರೀಲಂಕಾ ಮುಂತಾದ ದೇಶಗಳ ಕಾರ್ಮಿಕ ಸಂಘಗಳು ‘ಏಷ್ಯಾ ಫ್ಲೋರ್ ವೇಜ್’ ಎಂಬ ಒಕ್ಕೂಟವನ್ನು ಕಟ್ಟಿ, 2009ರಲ್ಲಿ ಒಂದು ಬೇಡಿಕೆಯನ್ನು ಮುಂದಿಟ್ಟುವು. ಅದರ ಸಂಚಾಲನೆಯಲ್ಲಿ ಮುಂದಾದವರಲ್ಲಿ ಅನನ್ಯಾ ಭಟ್ಟಾಚಾರ್ಜಿಯವರು ಒಬ್ಬರು. ಲೆಕ್ಕವು ಸರಳವಾದುದು: ವಾರಕ್ಕೆ 48 ಗಂಟೆಗೆ ಮೀರದ ದುಡಿಮೆಯಿಂದ ಇಬ್ಬರು ದೊಡ್ಡವರೂ ಇಬ್ಬರು ಮಕ್ಕಳೂ ಉಣ್ಣಬೇಕು. ದೊಡ್ಡವರ ಊಟವನ್ನು ದಿನಕ್ಕೆ 3,000 ಕ್ಯಾಲೊರಿಯೆಂದು ಹಿಡಿದರು. ಮಗುವಿಗೆ ಅದರ ಅರ್ಧ. ಅದರ ಮೇಲೆ ಬಾಡಿಗೆ, ಔಷಧ, ವಿದ್ಯೆ. ಇದಕ್ಕೆ ಬೇಕಾದ ಕೂಲಿಯನ್ನು ಪ್ರತಿದೇಶದ ನಾಣ್ಯದಲ್ಲಿಯೂ ಅಲ್ಲಿಯ ಕೊಳ್ಳುವ ಶಕ್ತಿಗೆ ತಕ್ಕಂತೆ ಗುಣಿಸಿದರು. ನೆಲವು ಎಲ್ಲರಿಗೂ ಒಂದೇ ಮಟ್ಟವಾದರೆ ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಹೆದರಿಸುವಂತಿಲ್ಲ. ಲಕ್ಕಮ್ಮನ ಅಕ್ಕಿಯ ಅಳತೆಯೂ ಹೊಟ್ಟೆಯಿಂದ ತೊಡಗಿದುದಲ್ಲವೆ? ಈ ಬೇಡಿಕೆಯು ಇನ್ನೂ ಕೈಗೂಡಿಲ್ಲ. ಆದರೆ ಅಳತೆಯ ಕೋಲು ಸಿದ್ಧವಾಗಿದೆ.

ಪರದೇಶದವರೊಡನೆ ಕೂಡುವುದಕ್ಕಿಂತ ಪಕ್ಕದವಳೊಡನೆ ಕೂಡುವುದು ಕೆಲವೊಮ್ಮೆ ಕಷ್ಟತರ. ಒಡಿಶಾ, ಝಾರ್ಖಂಡ, ಬಿಹಾರಗಳ ಹುಡುಗಿಯರೂ ಈಗ ಬೆಂಗಳೂರಿನ ಕಾರ್ಖಾನೆಗಳಿಗೆ ಬಂದಿರುವರು. ಹಾಸ್ಟೆಲಿನ ಬಾಗಿಲಿಗೂ ಕಾರ್ಖಾನೆಯ ಬಾಗಿಲಿಗೂ ನಡುವೆ ಅವರ ಬಾಳು ಕಳೆಯುವುದು. ಕಾಲರನ್ನು ಹೊಲಿಯುವ ಮಂಡ್ಯದವಳಿಗೆ ತೋಳನ್ನು ಹೊಲಿಯುವ ಒಡಿಶಾದವಳ ಮಾತು ತಿಳಿಯದು. ಆದರೆ ಗಂಟೆಗಿಷ್ಟು ಎಂಬ ಟಾರ್ಗೆಟ್ಟು ಇಬ್ಬರಿಗೂ ತಿಳಿಯುವುದು. ಸೂಪರ್‌ವೈಸರನ ಬೈಗಳೂ ತಿಳಿಯುವುದು. ಹೊಸಬಳಿಗೆ ‘ಸಂಬಳದ ಚೀಟಿಯನ್ನು ಬಿಸಾಡಬೇಡ’ ಎಂದು ಕೈಸನ್ನೆಯಿಂದಲಾದರೂ ಕಲಿಸುವ ಹಳಬಳೇ ನಿಜವಾದ ನಾಯಿಕೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರಿಂದ ಈ ಒಕ್ಕಟ್ಟು ಹುಟ್ಟಲಿಲ್ಲ; ಹದಿನಾರು ರೂಪಾಯಿಯ ಬೆಲೆಯನ್ನು ಬಲ್ಲವರಿಂದ ಹುಟ್ಟಿತು.

ಹಾಗಾದರೆ ಮಠದ ಭಕ್ತರಿಗೆ ಇದರಿಂದ ಆಗಬೇಕಾದುದೇನು? ಬಸವೇಶ್ವರನಗರ, ವಿಜಯನಗರ, ರಾಜಾಜಿನಗರ, ಕೆಂಗೇರಿಗಳಲ್ಲಿ ಭಕ್ತರ ಮನೆಗಳು ಹೇರಳವಾಗಿವೆ. ಇವರಲ್ಲಿ ಕೆಲವರು ಕಾರ್ಖಾನೆಯ ಒಡೆಯರು. ಹಲವರು ಬಾಡಿಗೆಯ ಕೋಣೆಗಳ ಒಡೆಯರು. ಎಲ್ಲರೂ ಅಂಗಿ ತೊಡುವವರು. ಒಡೆಯನು ತಡೆಹಿಡಿದ ಕೂಲಿಯಿಂದ ನಡೆಯಿಸಿದ ದಾಸೋಹವು ದಾಸೋಹವೆನಿಸದು. ಆಯ್ದು ತಂದ ಹೆಚ್ಚಿನ ಅಕ್ಕಿಯಂತೆ ಅದನ್ನು ಮೊದಲು ತಂದಲ್ಲಿಗೇ ಮುಟ್ಟಿಸಬೇಕು. ಕೋಣೆಯನ್ನು ಬಾಡಿಗೆಗೆ ಕೊಡುವವರು, ಬಂದವಳು ಯಾವ ನಾಡಿನವಳು, ಯಾವ ಜಾತಿಯವಳು ಎಂದು ಕೇಳುವ ಮೊದಲು ನಳದಲ್ಲಿ ನೀರು ಬರುವುದೇ ಎಂದು ನೋಡತಕ್ಕುದು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ನುಡಿ ಬಾರದೆ ನಿಂತ ಹುಡುಗಿಗೆ ಚೀಟಿಯನ್ನು ಓದಿ ಹೇಳುವುದೂ ಒಂದು ಸೇವೆಯೇ. ದುಡಿಯುವವರ ಕೂಸುಗಳಿಗಾಗಿ ಹಗಲು ತೆರೆದಿರುವ ಒಂದು ಕೋಣೆಯನ್ನು ಭಕ್ತರು ಒದಗಿಸಿದರೆ, ಮಹೋತ್ಸವದ ದೀಪಾಲಂಕಾರಕ್ಕಿಂತ ಹೆಚ್ಚು ಕಾಲ ಅದು ಬೆಳಗುವುದು.

ಸೂಜಿಯು ಚಿಕ್ಕದು, ಆದರೆ ಬೇರೆಬೇರೆಯಾದುದನ್ನು ಕೂಡಿಸುವುದು ಅದೇ. ಕತ್ತರಿಯು ಲೋಕವ್ಯಾಪಾರದ ಕೈಯಲ್ಲಿದೆ. ಸೂಜಿಯು ಇನ್ನೂ ಹೆಂಗಸರ ಕೈಯಲ್ಲಿದೆ. ಆ ಕೈಗೆ ತಕ್ಕ ಕೂಲಿಯೂ ತಕ್ಕ ಗೌರವವೂ ಸಲ್ಲಲಿ.